ಇಲ್ಮಾಳ ಪರವಾಗಿ ಕೂತವರು

ನಮ್ಮ ಹಿಂದಿ ಸರ್ ತೀರಿಕೊಂಡಾಗ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತಾಡಿದವರೆಲ್ಲ ಅವರ ಸಮಯಪಾಲನೆಯನ್ನು ಹೊಗಳಿದರು, ಕೈಬರಹವನ್ನು ಹೊಗಳಿದರು. ಒಬ್ಬರಂತೂ ಅವರು ಜೀವಮಾನದಲ್ಲಿ ಯಾರಿಗೂ ಎದುರಾಡಿದವರಲ್ಲ ಎಂದುಬಿಟ್ಟರು. ನನಗೆ ನಗು ತಡೆಯುವುದೇ ಕಷ್ಟವಾಯಿತು. ಎದುರಾಡುವುದಕ್ಕೆಂದೇ ಹುಟ್ಟಿದ ಮನುಷ್ಯ ಅವರು. ಕೊನೆಗೆ ಮಾತಾಡಿದವರು, "ಅದೊಂದು ಆಕಾಶದ ಸೀರಿಯಲ್ ಹುಚ್ಚಿತ್ತು ಸರ್‌ಗೆ. ಅದು ಬಿಟ್ರೆ ದೇವರಂಥ ಮನುಷ್ಯ" ಅಂದಾಗ ನನ್ನ ನಗು ಹೋಗಿ ಸಿಟ್ಟು ಬಂತು. ಅದು ಬಿಟ್ಟರೆ ಅಂದರೇನು? ಅದನ್ನು ಬಿಟ್ಟರೆ ಉಳಿಯುವುದು ಬರೀ ಸಮಯಪಾಲನೆ. ಅಂಥವರು ಪ್ರತಿ ಶಾಲೆಯಲ್ಲೂ ಇರುತ್ತಾರೆ.

ನಾನು ದೈಹಿಕ ಶಿಕ್ಷಕ. ಸೀಟಿ ಊದಿ ಗೊತ್ತೇ ಹೊರತು ಬರೆದು ಗೊತ್ತಿಲ್ಲ. ಆದರೂ ಆ ಹುಚ್ಚಿನ ಬಗ್ಗೆ ಹೇಳಲೇಬೇಕು. ಯಾಕೆಂದರೆ ಅದರಲ್ಲಿ ನನಗೂ ಒಂದು ಪಾಲಿತ್ತು, ಮತ್ತು ಆ ಪಾಲಿನ ಬಗ್ಗೆ ನನಗೆ ಹೆಮ್ಮೆ ಇದೆ.

ಆನಂದಪುರದ ಹತ್ತಿರದ ನಮ್ಮ ಪ್ರೌಢಶಾಲೆಗೆ ಬರುವ ಮೊದಲು ಅವರು ಕೋಣಂದೂರಿನ ಕಡೆ ಇದ್ದರು. ಮನೆ ಸಾಗರದಲ್ಲಿ. ದಿನಾ ಬಸ್ಸಿನಲ್ಲಿ ಬರುತ್ತಿದ್ದರು, ಕಿಟಕಿ ಪಕ್ಕದ ಸೀಟು ಸಿಕ್ಕದಿದ್ದರೆ ಅವತ್ತು ಮೊದಲ ಪೀರಿಯಡ್ಡಿನ ಮಕ್ಕಳ ಗ್ರಹಚಾರ. ಸಣಕಲು ದೇಹ, ದೊಡ್ಡ ಕಿವಿ, ದೇಹಕ್ಕೆ ಸಂಬಂಧವೇ ಇಲ್ಲದ ಗಡಸು ಗಂಟಲು. ಆ ಗಂಟಲು ಪಳಗಿದ್ದು ತಾಳಮದ್ದಳೆಯಲ್ಲಿ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಒಂದು ಮಾತು: ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಪಾತ್ರವೇ ತಾವಾಗಿ ಮಾತಿಗೆ ಮಾತು ಬೆಳೆಸುತ್ತಾರೆ. ಸರ್ ಸಣ್ಣ ವಯಸ್ಸಿನಿಂದ ಅರ್ಥ ಹೇಳಿದವರು. ಮಾತು ಶುರು ಮಾಡುವ ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದರು. ಯಾಕೆ ಸರ್ ಅಂತ ಕೇಳಿದರೆ, "ಎದುರಿಗಿದ್ದವರ ಮುಖ ಕಂಡ್ರೆ ಕನಿಕರ ಬರ್ತದೆ ಮಾರಾಯ" ಅನ್ನುತ್ತಿದ್ದರು.

ಇಂಥವರಿಗೆ ಆಕಾಶದ ಸೀರಿಯಲ್ ಹತ್ತಿಕೊಂಡದ್ದು ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ. ಮನೆಯವರು ಬೇಜಾರಾಗದಿರಲೆಂದು ಮೊಬೈಲಿನಲ್ಲಿ 'ಒಂಬತ್ತನೇ ಬಂದರು' ಹಾಕಿಕೊಟ್ಟರಂತೆ. ಅದು ಹೊರದೇಶದ ಸರಣಿ, ಆಗಿನ್ನೂ ಕನ್ನಡದಲ್ಲಿ ಇರಲಿಲ್ಲ. ಹಿಂದಿಗೆ ಡಬ್ ಆಗಿತ್ತು. ಇವರು ನೋಡಲು ಕೂತದ್ದು ಕಥೆಗಾಗಿ ಅಲ್ಲ, ಹಿಂದಿಯ ತಪ್ಪು ಹಿಡಿಯುವುದಕ್ಕೆ. ಮೊದಲ ಕಂತು ಮುಗಿಯುವ ಹೊತ್ತಿಗೆ ಲಿಂಗ ವಚನದ ತಪ್ಪುಗಳನ್ನು ಸುಮಾರು ಹಿಡಿದಿದ್ದರು. ಮೂರನೇ ಕಂತಿನ ಹೊತ್ತಿಗೆ ಹಿಡಿಯುವುದನ್ನು ಮರೆತಿದ್ದರು. ಪ್ಲಾಸ್ಟರ್ ಬಿಚ್ಚಿ ಶಾಲೆಗೆ ಬಂದವರೇ ನನ್ನನ್ನು ಮೈದಾನದಲ್ಲಿ ತಡೆದು ಕೇಳಿದ ಮೊದಲ ಪ್ರಶ್ನೆ, "ಇಲ್ಮಾ ದೀಪ ಯಾಕೆ ಆರಿಸಿದ್ಲು?"

ಕಥೆ ಇಷ್ಟು. ಸತ್ತುಹೋದ ಒಂದು ನಕ್ಷತ್ರದ ಸುತ್ತ ಮನುಷ್ಯರು ಕಟ್ಟಿಕೊಂಡ ಬಂದರುಗಳಿವೆ. ಹಡಗುಗಳು ಕತ್ತಲಲ್ಲಿ ದಾರಿ ತಪ್ಪದಂತೆ ಪ್ರತಿ ಬಂದರಿನಲ್ಲೂ ಒಂದು ದೊಡ್ಡ ದೀಪ. ಒಂಬತ್ತನೇ ಬಂದರಿನ ದೀಪ ಕಾಯುವವಳು ಇಲ್ಮಾ. ಯುದ್ಧದಿಂದ ತಪ್ಪಿಸಿಕೊಂಡ ಜನರನ್ನು ತುಂಬಿಕೊಂಡು ಕೊನೆಯ ಹಡಗು ಅವಳ ಬಂದರಿಗೆ ಬರುತ್ತಿದೆ. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಇಲ್ಮಾ ದೀಪ ಆರಿಸುತ್ತಾಳೆ. ಹಡಗು ಕತ್ತಲಲ್ಲಿ ಕಳೆದುಹೋಗುತ್ತದೆ. ಯಾಕೆ ಆರಿಸಿದಳೆಂದು ಸರಣಿ ಹೇಳುವುದೇ ಇಲ್ಲ. ಸೀಸನ್ ಮೇಲೆ ಸೀಸನ್ ಬಂದರೂ ಹೇಳಲಿಲ್ಲ. ಜಗತ್ತಿನ ಅಭಿಮಾನಿಗಳೆಲ್ಲ ತಲೆ ಕೆಡಿಸಿಕೊಂಡರು. ಶತ್ರುಗಳಿಂದ ಲಂಚ ತಿಂದಳು ಎಂದರು ಕೆಲವರು, ಅವಳು ಮನುಷ್ಯಳೇ ಅಲ್ಲ ಯಂತ್ರ ಎಂದರು ಕೆಲವರು. ನಮ್ಮ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ. ವಿಜ್ಞಾನದ ಮೇಡಂ ಸತ್ತ ನಕ್ಷತ್ರದ ಸುತ್ತ ಬಂದರು ಕಟ್ಟಲಿಕ್ಕೇ ಆಗುವುದಿಲ್ಲ ಎಂದು ಹೇಳಿ ಹೇಳಿ ಸೋತರು. ಹೆಡ್‌ಮಾಸ್ಟರು ಒಂದು ದಿನ ಗಂಭೀರವಾಗಿ, "ಈ ಇಲ್ಮಾ ಯಾರ್ರೀ, ಎಂಟನೇ ಕ್ಲಾಸಿನ ಹುಡುಗೀನಾ? ಪೇರೆಂಟ್ಸ್‌ನ ಕರೆಸ್ಬೇಕಾ?" ಅಂದರು.

ಸರ್‌ಗೆ ಈ ಚರ್ಚೆಯ ರೀತಿಯೇ ಸರಿ ಬರಲಿಲ್ಲ. "ಅವಳು ಹಂಗೆ ಮಾಡಿದ್ಲು, ಹಿಂಗೆ ಮಾಡಿದ್ಲು ಅಂತ ಹೊರಗೆ ನಿಂತು ಹೇಳೋದು ಚಾಡಿ. ಅವಳಾಗಿ ಕೂತು ಹೇಳು ನೋಡೋಣ" ಎಂದರು. ಹಾಗೆ ಹುಟ್ಟಿದ್ದು ನಮ್ಮ ಕೂಟ. ಸಾಗರದಲ್ಲಿ ಒಂದು ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿ, ಹೊಸನಗರದಲ್ಲಿ ಒಂದು ಮೆಡಿಕಲ್ ಶಾಪಿನ ಹಿಂದಿನ ಕೋಣೆ, ಕೋಣಂದೂರಿನಲ್ಲಿ ಅವರ ಹಳೆಯ ಶಿಷ್ಯನೊಬ್ಬನ ಕೋಚಿಂಗ್ ಕ್ಲಾಸು. ಭಾನುವಾರ ಮಧ್ಯಾಹ್ನ ಸರದಿ ಪ್ರಕಾರ ಸೇರುತ್ತಿದ್ದೆವು. ಪದ್ಯದ ಜಾಗದಲ್ಲಿ ದೃಶ್ಯ. ಮೊಬೈಲಿಗೆ ಸ್ಪೀಕರ್ ಸಿಕ್ಕಿಸಿ ದೃಶ್ಯ ಹಾಕುವ ಕೆಲಸ ನನ್ನದು, ಹಾಗಾಗಿ ನಾನೇ ಭಾಗವತ. ದೃಶ್ಯ ಮುಗಿದ ಮೇಲೆ ಇಬ್ಬರು ಎದುರುಬದುರು ಕೂತು ಪಾತ್ರವಾಗಿ ಮಾತಾಡಬೇಕು. ದೃಶ್ಯದಲ್ಲಿ ಇಲ್ಲದ್ದನ್ನು ತರುವ ಹಾಗಿಲ್ಲ, ಇದ್ದದ್ದನ್ನು ಇಲ್ಲ ಅನ್ನುವ ಹಾಗಿಲ್ಲ. "ಪ್ರಸಂಗ ಬದಲಾಯಿಸೋ ಹಕ್ಕು ನಮಗಿಲ್ಲ. ಅರ್ಥ ನಮ್ಮದು" ಎನ್ನುವುದು ಸರ್ ಹಾಕಿದ ಕಟ್ಟಳೆ.

ಮೂರನೇ ಬಂದರಿನ ಗೋಡೆಯೊಳಗಿಂದ ಯಾರೋ ತಟ್ಟುವ ಸದ್ದು ಬರುತ್ತದೆ, ಅದೂ ಸರಣಿಯ ಒಂದು ಬಿಡಿಸದ ಒಗಟು. ಒಂದು ಭಾನುವಾರ ಅದರ ಬಗ್ಗೆ ಕೂಟವಿತ್ತು. ಸರ್ ಬಂದು ಕೂತವರೇ, ನಾನು ಗೋಡೆ ಎಂದರು. ಗೋಡೆಯಾಗಿ ಅರ್ಧ ಗಂಟೆ ಮಾತಾಡಿದರು. ತನ್ನ ಈಚೆ ಇರುವವರಿಗೂ ಆಚೆ ಇರುವವರಿಗೂ ತಾನು ಒಂದೇ ಎಂದು ಅವರು ಹೇಳುತ್ತಿದ್ದರೆ ನಗಲು ಬಂದಿದ್ದವರೆಲ್ಲ ಕಿವಿಗೊಟ್ಟು ಕೂತರು. ವಾಪಸು ಬರುವಾಗ ನಾನು ಕೀಟಲೆ ಮಾಡಿದೆ, "ಸರ್, ಮುಂದಿನ ವಾರ ಬಾಗಿಲು?" "ಯಾಕಾಗ್ಬಾರ್ದು?" ಎಂದರು ಅವರು, ಮುಖದಲ್ಲಿ ಚೂರೂ ನಗುವಿಲ್ಲದೆ.

ಪಾಠ ಮಾಡುವುದೂ ಹೀಗೇ. ಒಮ್ಮೆ ಒಬ್ಬಳು ಹುಡುಗಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದಳು. ನಾನಾಗಿದ್ದರೆ ಮೈದಾನದ ಸುತ್ತ ಓಡಿಸುತ್ತಿದ್ದೆ. ಸರ್ ಅವಳನ್ನು ಮೇಲ್ವಿಚಾರಕರ ಕುರ್ಚಿಯಲ್ಲಿ ಕೂರಿಸಿ, ತಾವು ಅವಳ ಬೆಂಚಿನಲ್ಲಿ ಕೂತು, ನಕಲು ಮಾಡಿದ್ದು ಯಾಕೆ ಸರಿ ಎಂದು ವಾದಕ್ಕೆ ನಿಂತರು. ಒಂದಾದ ಮೇಲೊಂದು ನೆಪ, ಒಂದಕ್ಕಿಂತ ಒಂದು ಚಂದ. ಕೇಳುತ್ತಾ ಕೇಳುತ್ತಾ ಹುಡುಗಿಗೆ ರೇಗಿಹೋಯಿತು. "ಇಷ್ಟ್ ಮಾತಾಡೋ ಬದ್ಲು ಓದ್ಬೋದಿತ್ತಲ್ಲ ಸರ್!" ಎಂದಳು. ಸರ್ ಎದ್ದು, ಕನ್ನಡಕ ಹಾಕಿಕೊಂಡು, "ತೀರ್ಪು ಆಯ್ತು, ಹೋಗು" ಎಂದರು. ಅವಳೀಗ ಶಿವಮೊಗ್ಗದಲ್ಲಿ ವಕೀಲೆ.

ಈ ಅಭ್ಯಾಸದಿಂದ ಒಂದು ಭಾರಿ ಎಡವಟ್ಟೂ ಆಯಿತು. ಆ ಸರಣಿಯ ಅಭಿಮಾನಿಗಳು ಸೇರುವ ದೊಡ್ಡದೊಂದು ಅಂತರ್ಜಾಲ ತಾಣವಿತ್ತು. ಸರ್ ತಮ್ಮ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದು ಅಲ್ಲಿ ಹಾಕಿದರು. ಅರ್ಥ ಅಂದ ಮೇಲೆ ಅದು 'ನಾನು' ಎಂದೇ ಶುರುವಾಗಬೇಕಲ್ಲ? 'ನಾನು ಇಲ್ಮಾ. ದೀಪ ಆರಿಸಿದ್ದು ಯಾಕೆಂದು ಇವತ್ತು ಹೇಳುತ್ತೇನೆ' ಎಂದು ಶುರು ಮಾಡಿದ್ದರು. ಯಾವ ಯಾವುದೋ ದೇಶದವರು, ಸರಣಿಯ ನಟಿಯೇ ಬಂದು ಗುಟ್ಟು ಬಿಟ್ಟುಕೊಟ್ಟಳೆಂದು ಹುಯಿಲೆಬ್ಬಿಸಿದರು. ಸುಳ್ಳು ಗುರುತು ಹೇಳಿದ್ದಕ್ಕೆ ತಾಣದವರು ಇವರನ್ನು ಹೊರಗೆ ಹಾಕಿದರು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಸರ್ ಕುದಿಯುತ್ತಿದ್ದರು. "ಅಲ್ಲ ಮಾರಾಯ, ಅರ್ಥ ಹೇಳುವಾಗ ನಾನು ಅನ್ನದೆ ಇನ್ನೇನು ಅನ್ಬೇಕು? ಪಾತ್ರದ ಮಾತಿಗೆ ಮೇಷ್ಟ್ರ ಆಧಾರ್ ಕಾರ್ಡ್ ತೋರಿಸ್ಬೇಕಾ?" ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಇನ್ನು ಅವರ ಅರ್ಥ ಏನೆಂದು ಹೇಳಬೇಕು. ಇಲ್ಮಾ ದ್ರೋಹಿಯಲ್ಲ, ಹಡಗಿನವರೇ ದೀಪ ಆರಿಸಲು ಕೇಳಿಕೊಂಡರು ಎನ್ನುವುದು ಅವರ ವಾದ. ಶತ್ರುಗಳು ಬೆನ್ನು ಹತ್ತಿದ್ದಾರೆಂದು ಹಡಗಿನವರಿಗೆ ತಿಳಿಯಿತು. ದೀಪ ಉರಿದರೆ ಶತ್ರುವಿಗೂ ಬಂದರು ಕಾಣುತ್ತದೆ. ನಾವು ಹೋದರೂ ಬಂದರು ಉಳಿಯಲಿ ಎಂದು ಅವರು ಹೇಳಿದರು, ಇಲ್ಮಾ ಎದೆ ಕಲ್ಲು ಮಾಡಿಕೊಂಡು ಆರಿಸಿದಳು. ಇದಕ್ಕೆ ಅವರು ಕೊಡುತ್ತಿದ್ದ ಸಾಕ್ಷಿ ಎರಡು. ಅವಳ ಮೇಜಿನ ಮೇಲಿನ ರೇಡಿಯೋದಲ್ಲಿ ಕೆಂಪು ಬೆಳಕು ಉರಿಯುತ್ತಿದೆ, ಅಂದರೆ ಯಾರೋ ಮಾತಾಡುತ್ತಿದ್ದಾರೆ. ಅರ್ಧ ಉಂಡ ತಟ್ಟೆಯನ್ನು ಅವಳು ಮುಚ್ಚಿಟ್ಟಿದ್ದಾಳೆ, ಅಂದರೆ ಹಸಿದು ಬರುವವರಿಗೆಂದು ಎತ್ತಿಟ್ಟಿದ್ದಾಳೆ. "ಬರುವವರಿಗೆ ಅನ್ನ ಮುಚ್ಚಿಟ್ಟೋಳು ದೀಪ ಸುಮ್‌ಸುಮ್ನೆ ಆರಿಸ್ತಾಳಾ?" ಎಂದು ಅವರು ಕೇಳಿದರೆ ಎದುರಿಗಿದ್ದವರು ಸೋಲೊಪ್ಪಿ ಏಳುತ್ತಿದ್ದರು.

ಸೋಲೊಪ್ಪದೆ ಇದ್ದವರು ಒಬ್ಬರೇ. ಹೊಸನಗರದ ಮೆಡಿಕಲ್ ಶಾಪಿನ ಒಡತಿ, ನಮಗೆಲ್ಲ ಮೆಡಿಕಲ್ ಅಕ್ಕ. ಕಳೆದುಹೋದ ಹಡಗಿನ ಕಪ್ತಾನನಾಗಿ ಅವರು ಕೂರುತ್ತಿದ್ದರು. ಅವರ ವಾದ ಚಿಕ್ಕದು: ಇಲ್ಮಾ ಹೆದರಿದಳು, ಅಷ್ಟೇ. ಸರ್ ಎಷ್ಟು ಮಾತಾಡಿದರೂ ಅಕ್ಕ ಕೊನೆಗೆ, "ನಂಗೆ ಒಪ್ಪಿಗೆ ಇಲ್ಲೆ ಸರ್. ಅಂಗಡಿಗೆ ಬಪ್ಪವ್ರನ್ನ ದಿನಾ ನೋಡ್ತಿ, ಹೆದರಿದವ್ರ ಮುಖ ನಂಗೆ ಗೊತ್ತಿದ್ದು" ಎಂದು ತಮ್ಮ ಹವ್ಯಕ ಮಾತಿನಲ್ಲಿ ಹೇಳಿಬಿಡುತ್ತಿದ್ದರು. ಸರ್‌ಗೆ ಆ ಮಾತು ಕೇಳಿದರಾಗದು. ಅಂಥ ದೊಡ್ಡ ಕಥೆಗೆ ಅಷ್ಟು ಸಣ್ಣ ಕಾರಣವೇ ಎಂದು ಬಸ್ಸಿನುದ್ದಕ್ಕೂ ಗೊಣಗುತ್ತಿದ್ದರು.

ಏಳೆಂಟು ವರ್ಷ ಹೀಗೆ ನಡೆಯಿತು. ನಡುವೆ ಸರ್ ನಿವೃತ್ತರಾದರು, ಕೂಟ ಬೆಳೆಯಿತು. ಸರಣಿ ಕನ್ನಡಕ್ಕೂ ಬಂತು. ಯೂಟ್ಯೂಬಿನ ಒಂದು ಕನ್ನಡ ಚಾನೆಲ್‌ನವರು ಸಾಗರಕ್ಕೆ ಬಂದು ಸರ್ ಇಲ್ಮಾ ಆಗಿ ಮಾತಾಡಿದ್ದನ್ನು ಚಿತ್ರೀಕರಿಸಿಕೊಂಡು ಹೋದರು. ಎಲ್ಲೆಲ್ಲಿಂದಲೋ ಫೋನು ಬಂದವು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು, "ಅಗೋ, ಇಲ್ಮಾ ಸರ್" ಎಂದು ತೋರಿಸುತ್ತಿದ್ದರು. ಪಕ್ಕದಲ್ಲಿ ನಡೆಯುತ್ತಿದ್ದ ನಾನೂ ಎದೆ ಒಂದು ಇಂಚು ಮುಂದೆ ಮಾಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಮೇಲೆ ಕೊನೆಯ ಸೀಸನ್ ಬಂತು. ಕೊನೆಯ ಕಂತಿನಲ್ಲಿ ಇಲ್ಮಾಳ ಕೋಣೆ ತೋರಿಸಿದರು. ರೇಡಿಯೋದಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಬರೀ ಗೊರಗೊರ ಸದ್ದು. ಹಡಗಿನ ಹಿಂದೆ ಏನೋ ಒಂದು ಕಪ್ಪಗೆ ಅಲುಗಿದ್ದನ್ನು ಅವಳು ಕಿಟಕಿಯಿಂದ ನೋಡುತ್ತಾಳೆ. ಬೆಚ್ಚಿ ಸ್ವಿಚ್ಚಿಗೆ ಕೈ ಹಾಕುತ್ತಾಳೆ. ದೀಪ ಆರಿಸುತ್ತಾಳೆ. ಹಡಗಿನ ಹಿಂದೆ ಇದ್ದದ್ದು ಅದರದೇ ನೆರಳು. ಅಷ್ಟೇ. ಮೆಡಿಕಲ್ ಅಕ್ಕ ಹೇಳಿದ್ದೇ ನಿಜವಾಗಿತ್ತು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂಜೆಯೊಳಗೆ ಸರ್‌ನ ಹಳೆಯ ವಿಡಿಯೋ ಹಾಕಿ ಹಲ್ಲು ಕಿರಿಯುವ ಗೊಂಬೆಗಳನ್ನು ಸುರಿದರು. ಮುಂದಿನ ಭಾನುವಾರ ಸಾಗರದ ಸರದಿ. ಸರ್ ಬರುವುದಿಲ್ಲ ಎಂದು ಕೆಲವರು, ಬಂದರೆ ನೋಡಬೇಕು ಎಂದು ಕೆಲವರು. ಅವರು ಬರದಿದ್ದರೆ ಕೂಟ ಅಲ್ಲಿಗೆ ಮುಗಿದಂತೆ. ಬಂದು ಹಳೆಯ ವಾದಕ್ಕೇ ಜೋತುಬಿದ್ದರೆ ಅವರೇ ಮುಗಿದಂತೆ. ನನಗೆ ಅವರಿಗಿಂತ ಹೆಚ್ಚು ಸಂಕಟ. ಮನೆಗೆ ಹೋಗಿ ಹೇಳಿದೆ, "ಸರ್, ಆ ಕೊನೇ ಸೀಸನ್ ನಾವು ಒಪ್ಪೋದೇ ಬೇಡ. ಬರೆದವ್ರಿಗೆ ತಲೆ ಕೆಟ್ಟಿದೆ. ಹೊರದೇಶದಲ್ಲೂ ಎಷ್ಟೋ ಜನ ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಭಾಗವತರು ಪದ್ಯ ಹೇಳಿ ಆಯ್ತು. ನಂಗೆ ಸರಿ ಬರ್ಲಿಲ್ಲ, ಇನ್ನೊಂದು ಹೇಳಿ ಅಂತೀನಾ? ಭಾನುವಾರ ದೃಶ್ಯ ರೆಡಿ ಇಟ್ಕೋ. ಕೊನೇ ಕಂತಿಂದು."

ಭಾನುವಾರ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೂರೂ ತಾಲೂಕಿನವರು ಬಂದಿದ್ದರು, ಅರ್ಧ ಜನ ಮೊಬೈಲ್ ಎತ್ತಿ ಹಿಡಿದೇ ಇದ್ದರು. ಸರ್ ಬಂದು ಎಂದಿನ ಜಾಗದಲ್ಲಿ ಕೂತರು. ಎದುರಿಗೆ ಕಪ್ತಾನನಾಗಿ ಮೆಡಿಕಲ್ ಅಕ್ಕ. ನಾನು ದೃಶ್ಯ ಹಾಕಿದೆ. ಮುಗಿಯಿತು. ಅಕ್ಕ ಶುರು ಮಾಡಿದರು.

"ನಿನ್ನ ದೀಪ ನಂಬ್ಕೊಂಡು ಬಂದ್ವಿ. ನನ್ನ ಹಡಗಿನ ತುಂಬಾ ಮಕ್ಕಳು ಮರಿ. ಹೇಳು ಇಲ್ಮಾ, ಯಾಕೆ ಆರಿಸ್ದೆ?"

ಸರ್ ತಲೆ ಎತ್ತಿದರು. "ಹೆದರಿ ಆರಿಸ್ದೆ."

ಅಕ್ಕ ತಯಾರಾಗಿ ಬಂದಿದ್ದು ಹತ್ತಾರು ನೆಪಗಳನ್ನು ಕತ್ತರಿಸುವುದಕ್ಕೆ. ಇಲ್ಲಿ ಕತ್ತರಿಸಲು ಏನೂ ಸಿಗಲಿಲ್ಲ. ಅರ್ಥ ಹೇಳುವವರು ಮೊದಲ ಮಾತಿಗೇ ಹೀಗೆ ಒಪ್ಪಿಕೊಂಡರೆ ಕೂಟ ಮುರಿದು ಬೀಳುತ್ತದೆ. ಹಿಂದುಗಡೆ ಯಾರೋ ಕಿಸಕ್ಕೆಂದರು. "ಅಷ್ಟೇನಾ?" ಎಂದರು ಅಕ್ಕ.

"ಅಷ್ಟೇ ಆಗಿದ್ರೆ ನೀವು ಬದುಕ್ತಿದ್ರಿ ಕಪ್ತಾನ್ರೇ. ಆರಿಸಿದ ಕೂಡ್ಲೇ ನಂಗೆ ಗೊತ್ತಾಯ್ತು, ಅದು ನಿಮ್ದೇ ನೆರಳು ಅಂತ. ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಆ ದೃಶ್ಯ ನೋಡಿ, ನಾನು ಕೈ ತೆಗೆದಿಲ್ಲ. ಮತ್ತೆ ಹಚ್ಬೋದಿತ್ತು. ಹಚ್ಚಿದ್ರೆ, ಆರಿಸಿದ್ದು ಯಾಕೆ ಅಂತ ಎಲ್ರೂ ಕೇಳ್ತಾರೆ. ನೆರಳಿಗೆ ಹೆದರಿದ್ಲು ಅಂತ ನಗ್ತಾರೆ. ಆ ನಗೂಗೆ ಹೆದರಿ ಕೈ ಅಲ್ಲೇ ಇಟ್ಕೊಂಡು ನಿಂತೆ. ಮೊದಲನೇ ಹೆದರಿಕೆ ನಿಮ್ಮನ್ನ ಕೊಲ್ಲಲಿಲ್ಲ. ಎರಡನೇದು ಕೊಂದಿದ್ದು."

ಎತ್ತಿ ಹಿಡಿದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಅಕ್ಕ ದನಿ ತಗ್ಗಿಸಿ ಕೇಳಿದರು, "ಹಾಗಾದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

ಸರ್ ಸಣ್ಣಗೆ ನಕ್ಕರು. "ಹೇಳೋಕೆ ಎಲ್ಲಿ ಬಿಟ್ರು? ಸಾಗರದಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ನಾನು ದೊಡ್ಡ ತ್ಯಾಗ ಮಾಡಿದೋಳು ಅಂತ ಊರೂರಿಗೆ ಹೇಳ್ಕೊಂಡು ತಿರುಗಿದ್ರು. ನಾನು ಮುಚ್ಚಿಟ್ಟ ತಟ್ಟೆಗೂ ಒಂದು ಅರ್ಥ ಹೇಳಿದ್ರು. ಪಾಪ, ನನ್ನ ಮೇಲೆ ಭಾರಿ ಗೌರವ ಅವರಿಗೆ. ಆ ಗೌರವ ಹೊತ್ಕೊಂಡು, ಹೆದರಿದೆ ಅಂತ ಹೇಗೆ ಬಾಯಿ ಬಿಡ್ಲಿ ಕಪ್ತಾನ್ರೇ? ನೀವೊಬ್ರೇ ನನ್ನ ಬೈದ್ರಿ. ನಾನು ಇದ್ದ ಹಾಗೆ ನೋಡಿದ್ದೂ ನೀವೊಬ್ರೇ."

ಮೊದಲು ನಗು ಎದ್ದಿತು. ಅರ್ಧದಲ್ಲೇ ಅದು ನಿಂತಿತು. ನಗುವವರೆದುರು ಕೂತು, ನಗುವಿಗೆ ಹೆದರಿದವಳ ಮಾತನ್ನು ಅವರು ಆಡುತ್ತಿದ್ದಾರೆಂಬುದು ಎಲ್ಲರಿಗೂ ಒಟ್ಟಿಗೇ ತಿಳಿದಿರಬೇಕು. ನಾನು ಸ್ಪೀಕರಿನ ವೈರು ಸರಿ ಮಾಡುವವನಂತೆ ತಲೆ ತಗ್ಗಿಸಿದೆ.

ಉತ್ತರ ಕೊಡಬೇಕಾದವರು ಅಕ್ಕ. ಅವರು ಸರ್‌ನ ಕಡೆ ನೋಡಲಿಲ್ಲ, ಜನರ ಕಡೆ ತಿರುಗಿದರು. "ನೀವೆಲ್ಲ ನನ್ನ ಹಡಗಲ್ಲಿ ಇದ್ದೋರು. ಸತ್ತೋರು ನೀವು. ನಾನೊಬ್ಬನೇ ತೀರ್ಮಾನ ಹೇಳಿದ್ರಾಗ್ತಿಲ್ಲೆ. ಎಂತ ಹೇಳ್ಲಿ ಇವಳಿಗೆ?"

ಕೂಟದಲ್ಲಿ ನೋಡುವವರನ್ನು ಹೀಗೆ ಕೇಳುವ ಪದ್ಧತಿಯೇ ಇಲ್ಲ. ಕಿಟಕಿಯ ಹತ್ತಿರ ನಿಂತಿದ್ದ ಇಕ್ಕೇರಿ ಕಡೆಯ ಒಬ್ಬ ಹಿರಿಯರು, ಅವತ್ತೇ ಮೊದಲ ಸಲ ಬಂದವರು, ಗಂಟಲು ಸರಿ ಮಾಡಿಕೊಂಡು ಹೇಳಿದರು, "ಹಚ್ಚೋಕೆ ಹೇಳಿ. ಇನ್ಯಾರಾದ್ರೂ ಬರ್ತಿರ್ತಾರೆ."

ಚಪ್ಪಾಳೆ ಬಿತ್ತು. ನಾನು ಸೀಟಿಯನ್ನೇ ಊದಿಬಿಟ್ಟೆ. ಗುಂಪಿನಲ್ಲಿ ಗೊಂಬೆಗಳನ್ನು ಸುರಿದಿದ್ದವರಲ್ಲೇ ಒಬ್ಬ ಮುಂದೆ ನುಗ್ಗಿ, "ಗೆದ್ರಿ ಸರ್, ಕೊನೆಗೂ ನೀವೇ ಗೆದ್ರಿ!" ಎಂದು ಅವರ ಕೈ ಹಿಡಿದುಕೊಂಡ.

ಸರ್ ಕೈ ಬಿಡಿಸಿಕೊಂಡು ಎದ್ದು ನಿಂತರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಎದುರಿಗಿದ್ದ ಅಕ್ಕನ ಮುಖವನ್ನು ನೋಡಿದರು. ಆ ಗಡಸು ಗಂಟಲಿನಲ್ಲಿ, ಕೆಳಗೆ ರಸ್ತೆಗೂ ಕೇಳುವ ಹಾಗೆ ಹೇಳಿದರು:

"ಇಲ್ಲ. ನಾನು ಸೋತೆ. ಇವರು ಹೇಳಿದ್ದೇ ಸರಿ, ಮೊದಲ್ನೇ ದಿನದಿಂದ್ಲೂ."

ಆಮೇಲೆ ನನ್ನ ಕಡೆ ತಿರುಗಿ, "ದೃಶ್ಯ ಇನ್ನೊಂದ್ಸಲ ಹಾಕು ಮಾರಾಯ. ಈಗ ನೋಡ್ತೀನಿ" ಎಂದು ಜನರ ನಡುವೆ ಹೋಗಿ ಕೂತರು.